ಡ್ಯೂಟಿ ಲೆಕ್ಕ ಬಿಟ್ಟು ಬಿಡುವಿನ ಲೆಕ್ಕ ಬರೆದೆವು: ನನ್ನ ಅನುಭವ

ಎರಡು ಡ್ಯೂಟಿ ನಡುವೆ ಒಂಬತ್ತು ಗಂಟೆ ಬಿಡುವು ಬೇಕು ಎಂಬ ನಮ್ಮ ಬಸ್ ಡ್ರೈವರ್‌ಗಳ ಸಂಘದ ಬೇಡಿಕೆ ಕೊನೆಗೂ ಗೆದ್ದಿತು. ಕಳೆದ ವರ್ಷ 12(3) ಒಪ್ಪಂದಕ್ಕೆ, ಅಂದರೆ ಲೇಬರ್ ಅಧಿಕಾರಿಯ ಸಂಧಾನದಲ್ಲಿ ಆಗುವ ಒಪ್ಪಂದಕ್ಕೆ, ಸಹಿ ಬಿತ್ತು. ಗೆಲ್ಲಿಸಿದ್ದು ಬಿಡುವಿನ ಹೊತ್ತು ಬರೆದಿಡಲು ನಾವು ಮಾಡಿಸಿದ ಕಾರ್ಡು. 'ಒಂದು ರಟ್ಟಿನ ಕಾರ್ಡಿಂದ ಏನಾಗುತ್ತೆ?' ಎಂದು ಕೇಳಿದವರು ಬಹಳ ಜನ. ಬೇರೆ ಸಂಘಗಳ ಹಿರಿಯರೂ ಅದರಲ್ಲಿದ್ದರು. ಈಗ ಅವರೇ ಫೋನ್ ಮಾಡಿ ಕಾರ್ಡಿನ ನಮೂನೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡೋಣ ಅನ್ನಿಸಿತು. ಸಂಘದ ನೋಂದಣಿ, ಬೇಡಿಕೆ ಪಟ್ಟಿ ಬರೆಯುವುದು ಇದೆಲ್ಲ ನಿಮಗೆ ಗೊತ್ತಿರುವ ವಿಷಯ, ಅದನ್ನು ಬಿಟ್ಟಿದ್ದೇನೆ.

ನಾವು ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಕಡೆಯ ಕಾರ್ಖಾನೆಗಳಿಗೆ ನೌಕರರನ್ನು ಕರೆತರುವ ಬಸ್ಸಿನ ಡ್ರೈವರ್‌ಗಳು. ಬಸ್ಸು ಕಾಂಟ್ರಾಕ್ಟರದು, ನಾವೂ ಅವರ ಕೆಳಗೇ. ಎರಡನೇ ಶಿಫ್ಟು ರಾತ್ರಿ ಹತ್ತೂವರೆಗೆ ಬಿಡುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ಅಂತ ಇಳಿಸಿ ಬಸ್ಸು ನಿಲ್ಲಿಸುವ ಹೊತ್ತಿಗೆ ಹನ್ನೆರಡೂವರೆ. ಬೆಳಗಿನ ಶಿಫ್ಟು ಆರಕ್ಕೆ. ಒಪ್ಪಂದಕ್ಕೆ ಮೊದಲು, ರಾತ್ರಿ ಇಳಿಸಿ ಬಂದವನೇ ಮೊದಲ ಸ್ಟಾಪಿನಲ್ಲಿ ನಾಲ್ಕೂಕಾಲಿಗೆ ನಿಲ್ಲಬೇಕಿತ್ತು. ನಡುವೆ ಉಳಿಯುತ್ತಿದ್ದುದು ಮೂರೂವರೆ, ಮೂರೂಮುಕ್ಕಾಲು ಗಂಟೆ. ಊಟ, ಸ್ನಾನ, ನಿದ್ದೆ ಎಲ್ಲ ಅದರಲ್ಲೇ. ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ ಮತ್ತೆ ಮಧ್ಯಾಹ್ನ ಒಂದೂವರೆಗೆ ಹಾಜರು. 'ಹಗಲೆಲ್ಲ ಫ್ರೀ ಇರ್ತೀರಲ್ವಾ' ಅನ್ನುವುದೇ ಕಾಂಟ್ರಾಕ್ಟರ ಮಾತಾಗಿತ್ತು.

ಇಲ್ಲಿ ಒಂದು ಗಂಟು ಇತ್ತು. ಸ್ಟೇರಿಂಗ್ ಹಿಡಿದ ಗಂಟೆ ಮಾತ್ರ ಕೂಡಿಸಿದರೆ ಏಳೂವರೆ ದಾಟುತ್ತಿರಲಿಲ್ಲ. ದಿನಕ್ಕೆ ಎಂಟು ಗಂಟೆ ಎಂಬ ಕಾನೂನಿನ ಮಿತಿಯೊಳಗೇ ಬರುತ್ತಿತ್ತು. ಅದಕ್ಕೇ ನಾವು ಓಟಿ (ಹೆಚ್ಚುವರಿ ಗಂಟೆಯ ದುಡ್ಡು) ಕೇಳಿದಾಗಲೆಲ್ಲ ಸೋತೆವು. ವಕೀಲರಿಗೆ ಇಪ್ಪತ್ತೈದು ಸಾವಿರದಷ್ಟು ಕೊಟ್ಟಿದ್ದೆವು. ಕಾಂಟ್ರಾಕ್ಟರ ಕಡೆಯವರು ಓಡಿಸಿದ ಗಂಟೆ ತೋರಿಸುವ ಟ್ರಿಪ್ ಶೀಟು ತೆಗೆದು ಮೇಜಿನ ಮೇಲಿಟ್ಟರು, ಮಾತು ಅಲ್ಲಿಗೇ ನಿಂತಿತು. ಅದಕ್ಕೂ ಮೊದಲು ಒಂದು ಮುಷ್ಕರ ಆಗಿತ್ತು. ಹೊರಗಿನಿಂದ ಡ್ರೈವರ್‌ಗಳನ್ನು ಕರೆಸಿ ಬಸ್ಸು ಓಡಿಸಿದರು. ನಮ್ಮವರು ಹತ್ತು ಹನ್ನೆರಡು ಜನ ವಾರಗಟ್ಟಲೆ ಮನೆಯಲ್ಲಿ ಕೂತರು. ಸಂಘದ ನಿಧಿಯಿಂದ ನಲವತ್ತು ಸಾವಿರ ಹೋಯಿತು. ಜನರ ಕೈಯಿಂದ ಹೋದ ಸಂಬಳ ಒಂದೂವರೆ ಲಕ್ಷದ ಹತ್ತಿರ. ಒಬ್ಬರು ಹೆಂಡತಿಯ ಓಲೆ ಅಡ ಇಟ್ಟರು. ಜಿಪಿಎಸ್ ದಾಖಲೆ ಕೇಳಿದೆವು, ಡೇಟಾ ಉಳಿದಿಲ್ಲ ಎಂಬ ಉತ್ತರ ಬಂತು. ವಾಟ್ಸಾಪಿನಲ್ಲಿ 'ನಿದ್ದೆ ಇಲ್ಲ ಸಾರ್' ಎಂದು ಹಾಕಿದ ಹುಡುಗನನ್ನು ಮಾರನೇ ದಿನವೇ ಸ್ಪೇರ್‌ಗೆ ಹಾಕಿದರು. ಟ್ರಿಪ್ ಇಲ್ಲ, ಬಾಟಾ (ಟ್ರಿಪ್ ಲೆಕ್ಕದ ಭತ್ಯೆ) ಇಲ್ಲ. ಆಮೇಲೆ ಯಾರೂ ಬಾಯಿ ಬಿಡಲಿಲ್ಲ.

ದಾರಿ ಸಿಕ್ಕಿದ್ದು ಪೈಲಟ್‌ಗಳಿಂದ. ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಪೈಲಟ್ ತರಬೇತಿ ಶಾಲೆ ಇದೆಯಲ್ಲ, ಅಲ್ಲಿ ಕಲಿಯುವ ಹುಡುಗರು ಕೆಲವರು ನಮ್ಮ ಸದಸ್ಯರೊಬ್ಬರ ವ್ಯಾನಿನಲ್ಲಿ ಓಡಾಡುತ್ತಿದ್ದರು. ಮಾತಿಗೆ ಮಾತು ಬಂದು, ವಿಮಾನದವರು ಹಾರಿಸಿದ ಗಂಟೆಯ ಜೊತೆಗೆ ಬಿಡುವಿನ ಗಂಟೆಯನ್ನೂ ಅಷ್ಟೇ ಗಟ್ಟಿಯಾಗಿ ಲೆಕ್ಕ ಇಡುತ್ತಾರೆ ಎಂದು ಗೊತ್ತಾಯಿತು. ಸುಸ್ತಾಗಿದ್ದರೆ ಆಯಾಸದ ವರದಿ ಬರೆದು ಕೊಡಬಹುದು. ಬರೆದವನಿಗೆ ಶಿಕ್ಷೆ ಕೊಡಬಾರದು ಎಂಬುದೇ ಆ ವ್ಯವಸ್ಥೆಯ ಜೀವ.

ಆಮೇಲೆ ನಾನೇ ಹುಡುಕಿ ಓದಿದೆ. 2010ರ ಮೇ 22ರ ಮಂಗಳೂರು ವಿಮಾನ ದುರಂತ ನಮಗೆಲ್ಲ ನೆನಪಿದೆ, 158 ಜನ ಹೋದರು. ಕ್ಯಾಪ್ಟನ್ ಒಂದೂವರೆ ಗಂಟೆಗೂ ಜಾಸ್ತಿ ನಿದ್ದೆ ಮಾಡಿದ್ದರು, ಕಾಕ್‌ಪಿಟ್ ರೆಕಾರ್ಡಿಂಗಿನಲ್ಲಿ ಗೊರಕೆ ಕೇಳಿಸಿತ್ತು ಎಂಬುದು ತನಿಖೆಯಲ್ಲೇ ಬಂದಿದೆ. ಅಮೆರಿಕದಲ್ಲಿ 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ವಿಮಾನ ಬಿದ್ದು 50 ಜನ ಸತ್ತರು. ಸತ್ತವರ ಮನೆಯವರು ಹಟ ಬಿಡದೆ ಓಡಾಡಿದ್ದರಿಂದ ಅಲ್ಲಿ ಪೈಲಟ್‌ಗಳ ಬಿಡುವಿನ ನಿಯಮ ಬದಲಾಗಿ 2014ರಲ್ಲಿ ಜಾರಿಗೆ ಬಂತು. ನಮ್ಮಲ್ಲಿ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ತಂದಿತು. ವಾರದ ಬಿಡುವು 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಕಂಪನಿಗಳು ಒಪ್ಪಲಿಲ್ಲ, ಜಾರಿ ಮುಂದಕ್ಕೆ ಹೋಯಿತು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟ್‌ವರೆಗೆ ಹೋಗಿ, ಕೊನೆಗೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತವಾಗಿ ತರುವಂತೆ ಮಾಡಿದವು. ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನ ರದ್ದಾದಾಗ ಒಂದಷ್ಟು ವಿನಾಯಿತಿ ಕೊಟ್ಟಿದ್ದೂ ಆಯಿತು. ಅಷ್ಟು ಸಂಬಳ ತೆಗೆದುಕೊಳ್ಳುವವರೇ ಬಿಡುವಿಗಾಗಿ ಇಷ್ಟು ಬಡಿದಾಡಬೇಕಾದರೆ ನಾವು ಬಡಿದಾಡಿದ್ದು ಜಾಸ್ತಿ ಏನಲ್ಲ.

ನಮ್ಮ ಕಾನೂನಿನಲ್ಲೂ ಇದು ಇತ್ತು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ತೆಗೆದು ನೋಡಿ. ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ನಡುವೆ ಸತತ ಒಂಬತ್ತು ಗಂಟೆ ಬಿಡುವು ಇರಬೇಕು ಎಂದು ಅದರಲ್ಲೇ ಇತ್ತು. ನಾವೆಲ್ಲ ಎಂಟು ಗಂಟೆಯ ಕಲಮನ್ನೇ ಹಿಡಿದು ಜಗ್ಗುತ್ತಿದ್ದೆವು. ಗೆಲ್ಲುವ ಕಲಮು ಪಕ್ಕದಲ್ಲೇ ಇತ್ತು.

ಹೀಗೆ ಕಾರ್ಡು ಬಂತು. ಅಂಗೈಯಗಲದ ರಟ್ಟು, ಎರಡೇ ಕಾಲಂ: ಕೀ ಕೊಟ್ಟ ಹೊತ್ತು, ಕೀ ತಗೊಂಡ ಹೊತ್ತು. ಡ್ಯೂಟಿ ಗಂಟೆ ಬರೆಯಲು ಜಾಗವೇ ಇಲ್ಲ. ಹಿಂದುಗಡೆ ಆಯಾಸದ ಚೀಟಿ: ತೂಕಡಿಕೆ ಎಲ್ಲಿ ಬಂತು, ಎಷ್ಟು ಹೊತ್ತಿಗೆ, ಏನಾಯಿತು. ಹೆಸರಿಲ್ಲ, ನಂಬರ್ ಮಾತ್ರ. ಯಾವ ನಂಬರ್ ಯಾರದು ಎಂಬ ಪುಸ್ತಕ ನನ್ನ ಹತ್ತಿರ ಮತ್ತು ಖಜಾಂಚಿ ಹತ್ತಿರ ಮಾತ್ರ. ಪ್ರಿಂಟಿಂಗಿಗೆ ಒಂದೂವರೆ ರೂಪಾಯಿಯಂತೆ ಬಿತ್ತು. ಒಟ್ಟು ನಾಲ್ಕೈದು ಸಾವಿರ ಖರ್ಚು.

ಮೊದಲ ತಿಂಗಳ ಕಾರ್ಡುಗಳು ಉಪಯೋಗಕ್ಕೆ ಬರಲಿಲ್ಲ. ಎಲ್ಲರೂ ತಿಂಗಳ ಕೊನೆಗೆ ಕೂತು ಒಂದೇ ಪೆನ್ನಿನಲ್ಲಿ ತುಂಬಿದ್ದರು. ಹನ್ನೆರಡೂವರೆ, ಹನ್ನೆರಡೂವರೆ, ಹನ್ನೆರಡೂವರೆ. ಇದನ್ನು ಯಾವ ಅಧಿಕಾರಿ ನಂಬುತ್ತಾರೆ? ಆಮೇಲೆ ವಾರಕ್ಕೊಮ್ಮೆ ಕಾರ್ಡು ವಾಪಸ್ ತೆಗೆದುಕೊಂಡೆವು. ಕೀ ಬೋರ್ಡಿನ ಪಕ್ಕದ ಗಡಿಯಾರ ನೋಡಿ ನಿಮಿಷದ ಲೆಕ್ಕದಲ್ಲೇ ಬರೆಯಬೇಕು ಅಂದೆವು. 12.37, 12.51 ಹೀಗೆ ಬರತೊಡಗಿದ ಮೇಲೆ ಕಾರ್ಡಿಗೆ ತೂಕ ಬಂತು. ನಮ್ಮ ಬರಹ ಮಾತ್ರ ಸಾಲದು, ತಾಳೆ ನೋಡಲು ಬೇರೆ ಸಾಕ್ಷಿ ಬೇಕು. ಗಣಂಗೂರು ಟೋಲಿನ ಫಾಸ್ಟ್ಯಾಗ್ ಮೆಸೇಜು ಬಸ್ಸಿನ ಮಾಲೀಕರ ಮೊಬೈಲಿಗೆ ಹೋಗುತ್ತದೆ, ನಮಗೆ ಸಿಗುವುದಿಲ್ಲ. ಆದರೆ ಕಾರ್ಖಾನೆಯ ಗೇಟ್ ರಿಜಿಸ್ಟರ್ ಕಾಂಟ್ರಾಕ್ಟರ ಕೈಯಲ್ಲಿಲ್ಲ, ಕಾರ್ಖಾನೆಯ ಕೈಯಲ್ಲಿದೆ. ಅದರ ಹೊತ್ತುಗಳು ನಮ್ಮ ಕಾರ್ಡಿನ ಜೊತೆ ಹೇಗೆ ತಾಳೆಯಾದವು, ಯಾವ ದಾರಿಯಲ್ಲಿ ಅವು ನಮಗೆ ಸಿಕ್ಕವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸರಿಯಾದ ದಾರಿಯೇ, ಕಾಯ್ದೆಯೊಳಗೇ ಇದೆ. ಎದುರು ಬಂದು ಕೇಳುವ ಸಂಘದವರಿಗೆ ಹೇಳುತ್ತೇನೆ.

ಈ ನಡುವೆ ನಮ್ಮದೇ ಕೆಲವು ಪ್ರಯೋಗ ನಡೆದವು. ಕಿವಿಗೆ ಸಿಕ್ಕಿಸುವ, ತಲೆ ಬಾಗಿದರೆ ಕೂಗುವ ಅಲಾರಂ ಬಂತಲ್ಲ, ನಾನೂರು ಚಿಲ್ಲರೆ ಕೊಟ್ಟು ಅರ್ಧ ಡಜನ್ ತರಿಸಿದೆವು. ಹಂಪು ಬಂದಾಗೆಲ್ಲ ಕೂಗುತ್ತದೆ, ಒಂದು ವಾರದಲ್ಲಿ ಎಲ್ಲ ಮೂಲೆಗೆ ಹೋದವು. ಸ್ಕೇಲಿನ ಪರೀಕ್ಷೆ ಮಾತ್ರ ಬಹಳ ಕೆಲಸಕ್ಕೆ ಬಂತು. ಮೂವತ್ತು ಸೆಂಟಿಮೀಟರ್ ಸ್ಕೇಲನ್ನು ಒಬ್ಬ ಬಿಡಬೇಕು, ಇನ್ನೊಬ್ಬ ಎರಡು ಬೆರಳಲ್ಲಿ ಹಿಡಿಯಬೇಕು. ಇಪ್ಪತ್ತು ಸೆಂಟಿಮೀಟರಿಗೆ ಹಿಡಿದರೆ ಒಂದು ಸೆಕೆಂಡಿನ ಐದನೇ ಒಂದು ಪಾಲು. ನಿದ್ದೆ ಆದವರು ಹದಿನೆಂಟು, ಇಪ್ಪತ್ತಕ್ಕೆ ಹಿಡಿದರು. ಬೆಳಗಿನ ಜಾವ ಐದರ ಟ್ರಿಪ್ ಮುಗಿಸಿ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಕೈಯಿಂದ ಸ್ಕೇಲು ಪೂರ್ತಿ ಜಾರಿ ನೆಲಕ್ಕೆ ಬಿತ್ತು. ಗಂಟೆಗೆ ಎಂಬತ್ತರಲ್ಲಿ ಹೋಗುವ ಬಸ್ಸು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಲೆಕ್ಕ ನೀವೇ ಹಾಕಿ. ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಎದ್ದ ಮೇಲೆ ಅದೇ ಜನ ಮತ್ತೆ ಹಿಡಿದರು. ರಾತ್ರಿ ಮುದ್ದೆ ಊಟ ಬಿಟ್ಟು ಚಪಾತಿ ತಿಂದು ನೋಡಿದೆವು, ಅದರಿಂದ ಏನೂ ವ್ಯತ್ಯಾಸ ಕಾಣಲಿಲ್ಲ.

ಎಂಟೊಂಬತ್ತು ತಿಂಗಳ ಕಾರ್ಡು ಸೇರಿದ ಮೇಲೆ ಪತ್ರ ಬರೆದೆವು. ಕಾಂಟ್ರಾಕ್ಟರಿಗೆ ಒಂದು ಪ್ರತಿ, ಲೇಬರ್ ಆಫೀಸಿಗೆ ಒಂದು, ಕಾರ್ಖಾನೆಯ ಸೇಫ್ಟಿ ಆಫೀಸರಿಗೆ ಒಂದು. ಮೂರನೆಯದೇ ಕೆಲಸ ಮಾಡಿದ್ದು. ಹೊರಗಿನ ಕಂಪನಿಗೆ ಮಾಲು ಕೊಡುವ ಕಾರ್ಖಾನೆಗಳಿಗೆ ಸೇಫ್ಟಿ ಆಡಿಟ್ ದೊಡ್ಡ ತಲೆಬಿಸಿ. ರಾತ್ರಿ ಹೆಣ್ಣುಮಕ್ಕಳು ಕೂರುವ ಬಸ್ಸಿನ ಡ್ರೈವರ್ ಮೂರು ಗಂಟೆ ಮಲಗಿ ಬಂದಿದ್ದಾನೆ ಎಂದು ಲಿಖಿತದಲ್ಲಿ ಬಂದರೆ ಯಾರೂ ಫೈಲ್ ಮುಚ್ಚಿ ಇಡುವುದಿಲ್ಲ. ಸಂಬಳ ಕೇಳಿದರೆ 'ಅದು ಕಾಂಟ್ರಾಕ್ಟರ ವಿಷಯ' ಅನ್ನುತ್ತಿದ್ದವರು ಈ ಸಲ ತಾವೇ ಕರೆದರು.

ಕಷ್ಟ ಬಂದದ್ದು ನಮ್ಮೊಳಗಿಂದ. ಒಂಬತ್ತು ಗಂಟೆ ಬಿಡುವು ಅಂದರೆ ರಾತ್ರಿ ಮಾಡಿದವನಿಗೆ ಬೆಳಗಿನ ಟ್ರಿಪ್ ಇಲ್ಲ. ಟ್ರಿಪ್‌ಗೆ ನೂರೈವತ್ತು ಬಾಟಾ. ತಿಂಗಳಿಗೆ ಮೂರೂವರೆ ಸಾವಿರ ಹೋಗುತ್ತದೆ. 'ಗುರು, ನಿದ್ದೆ ತಿಂದು ಮಕ್ಳ ಫೀಸ್ ಕಟ್ಟಕ್ಕಾಯ್ತದಾ?' ಎಂದು ಹಿರಿಯರೊಬ್ಬರು ಸಭೆಯಲ್ಲೇ ಎದ್ದು ಕೇಳಿದರು. 'ನೀವು ಹೇಳೋದು ಸರಿ ಅಣ್ಣ. ದುಡ್ಡು ಬಿಟ್ಟು ಬರಲ್ಲ' ಅಂದೆ. ಆ ಮಾತಿಗೆ ತಪ್ಪಲಿಲ್ಲ. ಸಂಧಾನದಲ್ಲಿ ಎರಡು ಸಲ ಎದ್ದು ಬಂದೆವು. ಕೊನೆಗೆ ಹೋಗುವ ಬಾಟಾದಲ್ಲಿ ಮುಕ್ಕಾಲು ಪಾಲು ಮೂಲ ಸಂಬಳಕ್ಕೆ ಸೇರಿತು. ಪಿಎಫ್ ಕೂಡ ಅದರ ಮೇಲೇ ಬರುವುದರಿಂದ ಲೆಕ್ಕ ಹೆಚ್ಚುಕಮ್ಮಿ ಸರಿಹೋಯಿತು. ಹೊಸದಾಗಿ ಹದಿನೈದರಷ್ಟು ಡ್ರೈವರ್‌ಗಳನ್ನು ತೆಗೆದುಕೊಂಡರು. ಅವರಲ್ಲಿ ಬಹುಪಾಲು ಈಗ ನಮ್ಮ ಸದಸ್ಯರು. ಆಯಾಸದ ಚೀಟಿ ಕೊಟ್ಟವರ ಮೇಲೆ ಕ್ರಮ ಇಲ್ಲ ಎಂಬ ಸಾಲು ಒಪ್ಪಂದದಲ್ಲೇ ಇದೆ. ಆ ಸಾಲಿಗೆ ನಾನು ಸಂಬಳದ ಸಾಲಿಗಿಂತ ಜಾಸ್ತಿ ಹಟ ಹಿಡಿದೆ.

ಸಂಧಾನ ನಡೆಯುವಾಗ ಹಳೆಯ ಐಡಿ (ಕೈಗಾರಿಕಾ ವಿವಾದಗಳ) ಕಾಯ್ದೆಯ 33ನೇ ಕಲಮು ನಮ್ಮನ್ನು ಕಾಪಾಡಿತು, ಮಾತುಕತೆ ಮುಗಿಯುವವರೆಗೆ ಯಾರ ರೂಟನ್ನೂ ಮುಟ್ಟಲಿಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1947ರ ಐಡಿ ಕಾಯ್ದೆ, 1961ರ ಕಾಯ್ದೆ ಎರಡೂ ಅವುಗಳೊಳಗೆ ಸೇರಿಹೋಗಿವೆ. ಪತ್ರ ಬರೆಯುವಾಗ ಹಳೆಯ ಕಲಮಿನ ನಂಬರ್ ಹಾಕಬೇಡಿ. ಮುಷ್ಕರಕ್ಕೆ ಈಗ ಎಲ್ಲರೂ 14 ದಿನ ಮೊದಲೇ ನೋಟಿಸ್ ಕೊಡಬೇಕು. ಹೊರಗಿನಿಂದ ಡ್ರೈವರ್ ಕರೆಸಲು ಅಷ್ಟು ದಿನ ಧಾರಾಳ ಸಾಕು, ಹಾಗಾಗಿ ಕೈಯಲ್ಲಿ ದಾಖಲೆ ಇಟ್ಟುಕೊಳ್ಳದೆ ನೋಟಿಸ್ ಕೊಡಲು ಹೋಗಬೇಡಿ.

ಮಂಡ್ಯ ರೂಟಿನ ಕೊನೆಯ ಎರಡು ಬಸ್ಸಿನಲ್ಲಿ ಬಿಡುವು ಇನ್ನೂ ಎಂಟು ಗಂಟೆಗೇ ನಿಂತಿದೆ. ಅಲ್ಲಿನ ಕಾರ್ಡುಗಳನ್ನು ಈ ತಿಂಗಳು ಬೇರೆ ಕಟ್ಟು ಮಾಡಿ ಇಡುತ್ತಿದ್ದೇವೆ.