ಹಣ್ಣಿನ ಘಮದ ಸಾಕೆ ಹೀಗೆ ತಯಾರಾಗುತ್ತದೆ

ಸಾಕೆ, ಅಂದರೆ ಅಕ್ಕಿಯನ್ನು ಹುದುಗಿಸಿ ಮಾಡುವ ಮದ್ಯ, ಜಪಾನಿನದ್ದೇ ಅಂತ ನಮ್ಮ ಲೆಕ್ಕ, ಅಲ್ವಾ? ಅಮೆರಿಕದ ಒರೆಗಾನ್ ರಾಜ್ಯದ ಫಾರೆಸ್ಟ್ ಗ್ರೋವ್‌ನಲ್ಲಿ ಸಾಕೆವನ್ ಎಂಬ ಬ್ರೂವರಿ 1990ರ ದಶಕದಿಂದಲೇ ಅದನ್ನು ತಯಾರಿಸುತ್ತಿದೆ. ಅದರ ‘ಮೂನ್‌ಸ್ಟೋನ್’ ಬಾಟಲಿಗಳಲ್ಲಿ ಪೇರ್, ಪ್ಲಮ್, ತೆಂಗು-ನಿಂಬೆಹುಲ್ಲಿನ ರುಚಿಗಳಿವೆ.

ಕೆಲಸ ಶುರುವಾಗುವುದು ಅಕ್ಕಿಯಿಂದ. ಅಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ರೋಸ್ ಅಕ್ಕಿ ಬಳಸುತ್ತಾರೆ. ಕಾಳಿನ ಹೊರಪದರದಲ್ಲಿ ಕೊಬ್ಬು, ಪ್ರೋಟೀನ್ ಜಾಸ್ತಿ. ಅದು ಉಳಿದರೆ ರುಚಿ ಒರಟಾಗುತ್ತದೆ. ಹಾಗಾಗಿ ಪಾಲಿಶ್ ಮಾಡುತ್ತಾರೆ. ಗಿಂಜೊ ಎಂಬ ಮೇಲ್ದರ್ಜೆಯ ಸಾಕೆಗೆ ಕಾಳಿನ ಶೇ 40ರಷ್ಟಾದರೂ ಸವೆಯಬೇಕು. ನಂತರ ತೊಳೆದು, ನೆನೆಸಿ, ಹಬೆಯಲ್ಲಿ ಬೇಯಿಸುವುದು.

ಬೆಂದ ಅಕ್ಕಿಯ ಒಂದು ಪಾಲಿನ ಮೇಲೆ ಕೋಜಿ ಎಂಬ ಬೂಷ್ಟಿನ ಬೀಜಕ ಉದುರಿಸಿ, ಬೆಚ್ಚಗಿನ ಕೋಣೆಯಲ್ಲಿ ಸುಮಾರು ಎರಡು ದಿನ ಬಿಡುತ್ತಾರೆ. ಕೋಜಿ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಎರಡೂ ಒಂದೇ ತೊಟ್ಟಿಯಲ್ಲಿ, ಒಟ್ಟೊಟ್ಟಿಗೆ! ಯೀಸ್ಟ್ ಹೆಪ್ಪಿಗೆ ಅಕ್ಕಿ, ಕೋಜಿ, ನೀರನ್ನು ಮೂರು ಕಂತಿನಲ್ಲಿ, ನಾಲ್ಕು ದಿನದಲ್ಲಿ ಸೇರಿಸಿ, ಮೂರ್ನಾಲ್ಕು ವಾರ ತಂಪಿನಲ್ಲಿ ಹುದುಗಿಸುತ್ತಾರೆ. ಆಮೇಲೆ ಹಿಂಡಿ, ಸೋಸುವುದು.

ಹಣ್ಣು ಬರುವುದು ಇಲ್ಲಿ, ಹಿಂಡಿದ ಮೇಲೆ. ಹುದುಗುತ್ತಿರುವಾಗಲೇ ಹಾಕಿದರೆ ಅದರ ಸಕ್ಕರೆಯನ್ನೂ ಯೀಸ್ಟ್ ತಿಂದುಬಿಡುತ್ತದೆ. ಹುಳಿ ಉಳಿಯುತ್ತದೆ, ನವಿರಾದ ಘಮ ಗ್ಯಾಸಿನ ಜೊತೆ ಹಾರಿಹೋಗುತ್ತದೆ. ಬೇಕೆಂದೇ ಹಾಗೆ ಮಾಡುವವರೂ ಇದ್ದಾರೆ; ಅದರ ರುಚಿ ಬೇರೆಯೇ. ಮೂನ್‌ಸ್ಟೋನ್‌ನಂಥ ಸಾಕೆಗೆ ಮಾತ್ರ ತಯಾರಾದ ಸಾಕೆಯಲ್ಲೇ ಹಣ್ಣಿನ ಸಾರ ಬೆರೆಸುತ್ತಾರೆ.

ಯಾವ ಹಣ್ಣು ಅನ್ನುವುದೂ ಮುಖ್ಯ. ಸಾಕೆಯಲ್ಲಿ ಹುಳಿ ವೈನ್‌ಗಿಂತ ತೀರಾ ಕಡಿಮೆ. ಪ್ಲಮ್‌ನಂಥ ಹುಳಿ ಹಣ್ಣು ಸ್ವಲ್ಪ ಹೆಚ್ಚಾದರೂ ಅಕ್ಕಿಯ ರುಚಿ ಮಾಯ. ಪೇರ್ ಹಾಗಲ್ಲ. ಗಿಂಜೊ ಸಾಕೆಗೆ ಯೀಸ್ಟ್‌ನಿಂದಲೇ ಸೇಬು, ಪೇರ್‌ನಂಥ ವಾಸನೆ ಬಂದಿರುತ್ತದೆ. ಅದಕ್ಕೇ ಸಾಕೆ, ಪೇರ್ ಎರಡೂ ಸಲೀಸಾಗಿ ಹೊಂದಿಕೊಳ್ಳುತ್ತವೆ. ನನ್ನ ಓಟು ಪೇರ್‌ಗೇ. ತೆಂಗಿನದ್ದು ಪಾನೀಯಕ್ಕಿಂತ ಸಿಹಿತಿಂಡಿಗೆ ಹತ್ತಿರ.

ಲೇಬಲ್ಲಿನ ವಿಷಯ ಒಂದಿದೆ. ಹಣ್ಣು ಹಾಕಿದ್ದನ್ನು ಜಪಾನಿನ ಕಾನೂನು ‘ಸೇಶು’ (ಸಾಕೆಗೆ ಅಲ್ಲಿನ ಕಾನೂನಿನ ಹೆಸರು) ಎಂದು ಒಪ್ಪುವುದಿಲ್ಲ. ಇನ್ನು ‘ನಿಹೋನ್‌ಶು’ ಎಂಬ ಹೆಸರು 2015ರಿಂದ ಜಪಾನಿನ ಅಕ್ಕಿಯಿಂದ ಜಪಾನಿನಲ್ಲೇ ತಯಾರಾದ ಸಾಕೆಗೆ ಮೀಸಲು. ಒರೆಗಾನಿನವರು ಬರೀ ‘ಸಾಕೆ’ ಎಂದು ಬರೆದುಕೊಳ್ಳಬಹುದು.

ಕುಡಿಯುವವರಿಗೊಂದು ಮಾತು: ಇದನ್ನು ಬಿಸಿ ಮಾಡಬೇಡಿ, ಹಣ್ಣಿನ ಘಮ ಹೋಗುತ್ತದೆ. ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ವೈನ್ ಗ್ಲಾಸಿಗೆ ಹಾಕಿ. ತೆರೆದ ಬಾಟಲಿಯನ್ನು ಜಾಸ್ತಿ ದಿನ ಇಡಬೇಡಿ.