ನಾಲ್ಕು ವಾರದ ಆಟ, 160 ಹೆಸರು

2020ರ ಏಪ್ರಿಲ್‌ನಲ್ಲಿ ಅರಸೀಕೆರೆಯಿಂದ ತಮ್ಮ ಫೋನ್ ಮಾಡಿದ್ದ. ಊರಿನ ಸುದ್ದಿ, ಅಮ್ಮನ ಬಿಪಿ, ಲಾಕ್‌ಡೌನ್ ಎಲ್ಲಾ ಮುಗಿದ ಮೇಲೆ ಕೇಳಿದ: "ಈ ವರ್ಷ ನಿನ್ನ ಬೇಸ್‌ಬಾಲ್ ಪಟ್ಟಿ ಇಲ್ವಾ?" ಮಾಡ್ತಾ ಇದೀನಿ ಅಂದೆ. "ಅಲ್ಲ ಕಣಣ್ಣ, ಆಟಾನೇ ನಿಂತೋಯ್ತಲ್ಲ. ಇನ್ನೇನು ನೋಡಿ ಮಾಡ್ತೀಯ?"

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಮುಂದಿನ ಎರಡು ತಿಂಗಳು ನಾನು ಅದಕ್ಕೇ ಉತ್ತರ ಹುಡುಕಿದೆ.

ನಾನಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಕೆಲಸ ಸಾಫ್ಟ್‌ವೇರ್. ಊರಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಇಲ್ಲಿಗೆ ಬಂದ ಮೇಲೆ ಬೇಸ್‌ಬಾಲ್ ಹತ್ತಿಕೊಂಡಿತು, ಅದರಲ್ಲೂ ಕಾಲೇಜು ಹುಡುಗರ ಆಟ. ಪ್ರತಿ ವರ್ಷ ಜೂನ್‌ನಲ್ಲಿ ದೊಡ್ಡ ಲೀಗಿನ (ಮೇಜರ್ ಲೀಗ್ ಬೇಸ್‌ಬಾಲ್) ಮೂವತ್ತು ತಂಡಗಳು ಹೈಸ್ಕೂಲ್ ಮತ್ತು ಕಾಲೇಜಿನ ಹುಡುಗರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತಿದ್ದವು. ಅದೇ ಡ್ರಾಫ್ಟ್. ನಮ್ಮ ಐಪಿಎಲ್ ಹರಾಜಿನ ಹಾಗೆ ಯಾರು ಜಾಸ್ತಿ ಕೂಗುತ್ತಾರೋ ಅವರಿಗೆ ಅಂತಲ್ಲ. ಆಗ ಹಿಂದಿನ ವರ್ಷ ಜಾಸ್ತಿ ಸೋತವರಿಗೆ ಮೊದಲ ಸರದಿ ಸಿಗುತ್ತಿತ್ತು. 2019ರಲ್ಲಿ 114 ಪಂದ್ಯ ಸೋತಿದ್ದ ಡೆಟ್ರಾಯಿಟ್ ಟೈಗರ್ಸ್‌ಗೆ 2020ರ ಮೊದಲ ಆಯ್ಕೆ ಸಿಕ್ಕಿತ್ತು. ನನಗೂ ಈ ಡ್ರಾಫ್ಟಿಗೂ ಯಾವ ವ್ಯವಹಾರವೂ ಇಲ್ಲ. ಮೂರು ವರ್ಷದಿಂದ ನನ್ನ ಖುಷಿಗೆ ನನ್ನದೇ ಪಟ್ಟಿ ಮಾಡುತ್ತಿದ್ದೆ, ಆಮೇಲೆ ಆ ಹುಡುಗರ ಹಿಂದೆ ಬಿದ್ದು ಎಷ್ಟು ಸರಿಯಾಯಿತು ಅಂತ ನೋಡುತ್ತಿದ್ದೆ.

2020ರ ಕಾಲೇಜು ಸೀಸನ್ ಶುರುವಾಗಿದ್ದು ಫೆಬ್ರವರಿ 14ಕ್ಕೆ. ಮಾರ್ಚ್ 12ಕ್ಕೆ ಕೊರೋನಾದಿಂದ ಪೂರ್ತಿ ನಿಂತಿತು. ನಾಲ್ಕು ವಾರ, ಅಷ್ಟೇ. ಒಂದೊಂದು ತಂಡವೂ ಸುಮಾರು ಹದಿನಾರು, ಹದಿನೇಳು ಪಂದ್ಯ ಆಡಿತ್ತು. ಉತ್ತರದ ರಾಜ್ಯಗಳ ಎಷ್ಟೋ ಹೈಸ್ಕೂಲ್‌ಗಳಲ್ಲಿ ಮೊದಲ ಪಂದ್ಯವೇ ಆಗಿರಲಿಲ್ಲ. ಹೊಸ ಹುಡುಗರನ್ನು ಹುಡುಕುವ ತಂಡಗಳ ಸ್ಕೌಟ್‌ಗಳೂ ಹೊರಗೆ ಹೋಗಿ ಯಾರನ್ನೂ ನೋಡುವಂತಿರಲಿಲ್ಲ. ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂತು: ನಲವತ್ತು ಸುತ್ತಿನ ಡ್ರಾಫ್ಟ್ ಈ ಸಲ ಐದೇ ಸುತ್ತು. ಹಿಂದಿನ ವರ್ಷ 1,217 ಹುಡುಗರನ್ನು ಆರಿಸಿದ್ದರು. ಈ ಸಲ 160.

ನಾನು ಪಟ್ಟಿ ಮಾಡುವ ರೀತಿ ಸರಳ. ಫೀನಿಕ್ಸ್ ಮುನಿಸಿಪಲ್ ಸ್ಟೇಡಿಯಂನಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಆಟ ನಡೆಯುತ್ತೆ. ಪಕ್ಕದಲ್ಲೇ ಪಪಾಗೊ ಪಾರ್ಕಿನ ಕೆಂಪು ಬಂಡೆಗಳು. ಹೋಮ್ ಪ್ಲೇಟಿನ (ಬ್ಯಾಟರ್ ನಿಲ್ಲುವ ಜಾಗ) ಹಿಂದೆ ಕೂತು, ಒಂದು ಕೈಯಲ್ಲಿ ಸ್ಟಾಪ್‌ವಾಚ್, ತೊಡೆ ಮೇಲೆ ನೋಟ್‌ಬುಕ್. ಇಲ್ಲಿನ ಸ್ಕೌಟ್‌ಗಳು ಬಳಸುವ 20ರಿಂದ 80ರ ಅಂಕವನ್ನೇ ನಾನೂ ಬಳಸುತ್ತೇನೆ. 50 ಅಂದರೆ ದೊಡ್ಡ ಲೀಗಿನ ಸಾಧಾರಣ ಆಟಗಾರನ ಮಟ್ಟ. ಬ್ಯಾಟರ್‌ಗೆ ಐದು ಅಂಕ: ಹೊಡೆತ, ಬಲ, ಓಟ, ಎಸೆತ, ಫೀಲ್ಡಿಂಗ್. ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಒಂದೊಂದು ಬಗೆಯ ಎಸೆತಕ್ಕೂ ಒಂದೊಂದು ಅಂಕ, ಮೇಲೆ ಹಿಡಿತಕ್ಕೊಂದು.

ಆ ನಾಲ್ಕು ವಾರದಲ್ಲಿ ನಾನು ಕಣ್ಣಾರೆ ಚೆನ್ನಾಗಿ ನೋಡಿದ ಹುಡುಗ ಸ್ಪೆನ್ಸರ್ ಟಾರ್ಕೆಲ್ಸನ್. ಕ್ಯಾಲಿಫೋರ್ನಿಯಾದ ಪೆಟಲೂಮಾದವನು. ಹೈಸ್ಕೂಲ್ ಮುಗಿಸಿದಾಗ ನಲವತ್ತು ಸುತ್ತಿನಲ್ಲೂ ಯಾರೂ ಅವನನ್ನು ಆರಿಸಿರಲಿಲ್ಲ. ಕಾಲೇಜಿನ ಮೊದಲ ವರ್ಷವೇ 25 ಹೋಮ್‌ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದಹಾಗೆ) ಹೊಡೆದು, ಅದೇ ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗನಾಗಿ ಮುಂದೆ ದೊಡ್ಡ ಲೀಗಿನ ಹೆಸರಾಂತ ಬ್ಯಾಟರ್ ಆದ ಬ್ಯಾರಿ ಬಾಂಡ್ಸ್ ಮಾಡಿದ್ದ ದಾಖಲೆ ಮುರಿದ. ಎಲ್ಲರೂ ಅವನ ಹೋಮ್‌ರನ್ ನೋಡೋಕೆ ಬರುತ್ತಿದ್ದರು. ನಾನು ನೋಡುತ್ತಿದ್ದದ್ದು ಅವನು ಬಿಟ್ಟ ಚೆಂಡುಗಳನ್ನು. ಒಂದು ಸಂಜೆ ಎದುರಾಳಿ ಪಿಚರ್ ಸತತವಾಗಿ ಹೊರಗಿನ ಅಂಚಿಗೇ ಎಸೆದ. ಮೂರನೇ ಸ್ಲೈಡರ್ (ಕೊನೆಯಲ್ಲಿ ಪಕ್ಕಕ್ಕೆ ಸರಿಯುವ ಎಸೆತ) ಪ್ಲೇಟಿನಿಂದ ಒಂದು ಚೆಂಡಿನಷ್ಟು ಮಾತ್ರ ಆಚೆ ಹೋಯಿತು. ಟಾರ್ಕೆಲ್ಸನ್‌ನ ಮುಂಗಾಲು ನೆಲ ಮುಟ್ಟಿತು, ಸೊಂಟ ತಿರುಗಲು ಹೊರಟಿತು, ಕೈ ಮಾತ್ರ ಹಿಂದೆಯೇ ನಿಂತಿತು. ಬ್ಯಾಟ್ ಭುಜದ ಹತ್ತಿರದಿಂದ ಕದಲಲಿಲ್ಲ. ಚೆಂಡು ಗ್ಲೌಸಿಗೆ ಸೇರುವವರೆಗೂ ಅದನ್ನೇ ನೋಡುತ್ತಿದ್ದ. ಆ ಹದಿನೇಳು ಪಂದ್ಯದಲ್ಲಿ ಅವನಿಗೆ 31 ವಾಕ್ ಸಿಕ್ಕವು (ಪಿಚರ್ ನಾಲ್ಕು ಕೆಟ್ಟ ಚೆಂಡು ಹಾಕಿದರೆ ಬ್ಯಾಟರ್ ಹೊಡೆಯದೆಯೇ ಮೊದಲ ಬೇಸಿಗೆ ಹೋಗುವುದೇ ವಾಕ್). ಹೊಡೆಯೋಕೆ ಚೆಂಡೇ ಕೊಡುತ್ತಿರಲಿಲ್ಲ, ಆದರೂ ಕೆಟ್ಟ ಚೆಂಡಿಗೆ ಅವನು ಕೈ ಹಾಕಲಿಲ್ಲ. ನನ್ನ ಮೊದಲ ಹೆಸರು ಅವತ್ತೇ ಗಟ್ಟಿಯಾಯಿತು.

ಕಷ್ಟ ಶುರುವಾಗಿದ್ದು ಎರಡನೇ ಹೆಸರಿನಿಂದ.

ನಾಲ್ಕು ವಾರದ ಅಂಕಿಗಳನ್ನು ಎಷ್ಟು ನಂಬಬೇಕು? ಉದಾಹರಣೆಗೆ ಇಬ್ಬರನ್ನು ತಗೊಳ್ಳಿ. ನ್ಯೂ ಮೆಕ್ಸಿಕೊ ಸ್ಟೇಟ್‌ನ ನಿಕ್ ಗೊನ್ಸಾಲೆಸ್‌ನ ಬ್ಯಾಟಿಂಗ್ ಸರಾಸರಿ ಹದಿನಾರು ಪಂದ್ಯದಲ್ಲಿ .448, ಅಂದರೆ ನೂರು ಸಲಕ್ಕೆ ಸುಮಾರು 45 ಹಿಟ್. ಆರ್ಕನ್ಸಾದ ಹೆಸ್ಟನ್ ಕೆರ್‌ಸ್ಟಾಡ್ ಕೂಡ ಹದಿನಾರು ಪಂದ್ಯದಲ್ಲಿ .448. ಸರಾಸರಿ ಒಂದೇ, ಪಂದ್ಯಗಳ ಸಂಖ್ಯೆಯೂ ಒಂದೇ. ಗೊನ್ಸಾಲೆಸ್ ಹನ್ನೆರಡು ಹೋಮ್‌ರನ್ ಹೊಡೆದಿದ್ದ, ಅದರಲ್ಲಿ ಐದು ಒಂದೇ ದಿನದ ಎರಡು ಪಂದ್ಯಗಳಲ್ಲಿ. ಕೆರ್‌ಸ್ಟಾಡ್‌ದು ಆರು. ಹಾಳೆ ನೋಡಿದರೆ ಗೊನ್ಸಾಲೆಸ್ಸೇ ಮೇಲು. ಆದರೆ ಅವನ ಕಾಲೇಜಿರುವ ಲಾಸ್ ಕ್ರೂಸೆಸ್ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಒಣ ಹವೆ, ಚೆಂಡು ದೂರ ಹಾರುತ್ತೆ. ಎದುರಿಗೆ ಬಂದ ಪಿಚರ್‌ಗಳೂ ದೊಡ್ಡ ಮಟ್ಟದವರಲ್ಲ. ಕೆರ್‌ಸ್ಟಾಡ್ ಮೂರು ವರ್ಷ ಆಡಿದ್ದು ದೇಶದ ಅತಿ ಗಟ್ಟಿ ಕಾಲೇಜು ಗುಂಪಿನಲ್ಲಿ.

ಹಾಗಾಗಿ ನನಗೆ ನಾನೇ ಒಂದು ನಿಯಮ ಮಾಡಿಕೊಂಡೆ: ಈ ನಾಲ್ಕು ವಾರಕ್ಕಿಂತ ಹಿಂದಿನ ಬೇಸಿಗೆಗೆ ಜಾಸ್ತಿ ತೂಕ. ಕಾರಣ ಕೇಪ್ ಕಾಡ್ ಲೀಗ್. ಮ್ಯಾಸಚೂಸೆಟ್ಸ್‌ನಲ್ಲಿ ಪ್ರತಿ ಬೇಸಿಗೆ ದೇಶದ ಒಳ್ಳೊಳ್ಳೆ ಕಾಲೇಜು ಹುಡುಗರು ಒಟ್ಟಿಗೆ ಸೇರಿ ಆಡುವ ಲೀಗ್ ಅದು. ಕಾಲೇಜಿನಲ್ಲಿ ಲೋಹದ ಬ್ಯಾಟ್, ಅಲ್ಲಿ ಮರದ ಬ್ಯಾಟ್. ಮರದ ಬ್ಯಾಟ್‌ನಲ್ಲಿ ಚೆಂಡು ಸರಿಯಾದ ಜಾಗಕ್ಕೆ ತಾಗದಿದ್ದರೆ ಕೈ ಜುಮ್ಮೆನ್ನುತ್ತೆ, ಚೆಂಡು ಅಲ್ಲೇ ಸಾಯುತ್ತೆ. 2019ರಲ್ಲಿ ಆ ಲೀಗಿನ ಅತ್ಯುತ್ತಮ ಆಟಗಾರ ಆಗಿದ್ದವನು ಇದೇ ಗೊನ್ಸಾಲೆಸ್. ಅದನ್ನು ನೋಡಿ ಅವನನ್ನು ನಾಲ್ಕನೆಯವನಾಗಿ ಬರೆದೆ. ಕೆರ್‌ಸ್ಟಾಡ್‌ಗೆ ಹತ್ತನೇ ಜಾಗ ಕೊಟ್ಟೆ, ಸ್ಟ್ರೈಕ್‌ಔಟ್ (ಚೆಂಡನ್ನು ಹೊಡೆಯಲಾಗದೆ ಮೂರು ಸ್ಟ್ರೈಕಿಗೆ ಔಟ್) ಜಾಸ್ತಿ ಆಗ್ತಾನೆ ಅಂತ. ಅಲ್ಲಿ ನಾನು ತಪ್ಪಿದೆ. ಹಳೆಯ ಆಟಕ್ಕೆ ಜಾಸ್ತಿ ತೂಕ ಅಂತ ನಾನೇ ಹೇಳಿಕೊಂಡ ಮೇಲೆ, 2018ರಲ್ಲಿ 14, 2019ರಲ್ಲಿ 17 ಹೋಮ್‌ರನ್ ಹೊಡೆದ ಹುಡುಗನನ್ನು ಅಷ್ಟು ಕೆಳಗೆ ಇಡಬಾರದಿತ್ತು.

ಕಣ್ಣಾರೆ ನೋಡದ ಹುಡುಗರಿಗೆ ವಿಡಿಯೊ ಒಂದೇ ದಾರಿ. ಮಗಳು ಮಲಗಿದ ಮೇಲೆ ರಾತ್ರಿ ಹತ್ತರಿಂದ ಒಂದರವರೆಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ವಿಡಿಯೊಗೆ ಸ್ಟಾಪ್‌ವಾಚ್ ಹಿಡಿದರೆ ಬೆರಳಿನ ಆತುರವೂ ಸಮಯಕ್ಕೆ ಸೇರಿಬಿಡುತ್ತೆ. ಅದಕ್ಕೆ ಫ್ರೇಮ್ ಎಣಿಸೋಕೆ ಶುರು ಮಾಡಿದೆ. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್. ಬ್ಯಾಟಿಗೆ ಚೆಂಡು ತಾಗಿದ ಫ್ರೇಮಿನಿಂದ ಬ್ಯಾಟರ್ ಓಡಿ ತಲುಪಬೇಕಾದ ಮೊದಲ ಬೇಸನ್ನು ಕಾಲು ಮುಟ್ಟಿದ ಫ್ರೇಮಿನವರೆಗೆ ಒಂದೊಂದೇ ಬಾಣದ ಗುಂಡಿ ಒತ್ತಿ ಎಣಿಸುವುದು. 129 ಬಂದರೆ 4.3 ಸೆಕೆಂಡ್. ಬಲಗೈ ಬ್ಯಾಟರ್‌ಗೆ ಅದು ಸಾಧಾರಣ ಓಟ, 50 ಅಂಕ. 123ಕ್ಕೆ ಮುಟ್ಟಿದರೆ 4.1, ಅದು ವೇಗದ ಹುಡುಗ. ಕ್ಯಾಚರ್‌ಗೆ (ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದಹಾಗೆ) ಇನ್ನೊಂದು ಲೆಕ್ಕ: ಚೆಂಡು ಅವನ ಗ್ಲೌಸಿಗೆ ಬಿದ್ದಲ್ಲಿಂದ ಎರಡನೇ ಬೇಸಿನಲ್ಲಿರುವವನ ಗ್ಲೌಸಿಗೆ ಸೇರುವವರೆಗೆ. 60 ಫ್ರೇಮ್ ಅಂದರೆ ಎರಡು ಸೆಕೆಂಡ್, ಅದು ಸಾಧಾರಣ. ಒಂದು ಸಲ ಓಡಿದ್ದನ್ನು ನಂಬುತ್ತಿರಲಿಲ್ಲ. ಒಬ್ಬೊಬ್ಬನದೂ ಕನಿಷ್ಠ ಐದು ಓಟ ಎಣಿಸಿ, ಮೇಲಿನದೂ ಕೆಳಗಿನದೂ ಬಿಟ್ಟು, ನಡುವಿನದನ್ನು ಬರೆದುಕೊಳ್ಳುತ್ತಿದ್ದೆ. ಹುಡುಗ ಔಟಾಗುವುದು ಖಾತ್ರಿ ಅಂತ ಗೊತ್ತಾಗಿ ನಿಧಾನ ಮಾಡಿದ್ದರೆ ಆ ಓಟ ಲೆಕ್ಕಕ್ಕಿಲ್ಲ. ಇದನ್ನು ಮಾಡಲು ಬರೀ ತಾಳ್ಮೆ ಸಾಕು, ಯಾರು ಬೇಕಾದರೂ ಮಾಡಬಹುದು. ಆದರೆ ವಿಡಿಯೊದಲ್ಲಿ ಸಿಗದ್ದೂ ಇದೆ. ಫೀಲ್ಡರ್ ಚೆಂಡಿಗೆ ಮೊದಲ ಹೆಜ್ಜೆ ಯಾವ ಕಡೆ ಇಟ್ಟ ಅನ್ನುವುದು ಕ್ಯಾಮೆರಾ ಚೌಕಟ್ಟಿನ ಆಚೆ ಉಳಿಯುತ್ತೆ. ಹಾಗಾಗಿ ಆ ವರ್ಷ ಫೀಲ್ಡಿಂಗ್ ಅಂಕಗಳ ಪಕ್ಕದಲ್ಲಿ ಪ್ರಶ್ನೆ ಚಿಹ್ನೆಯೇ ಜಾಸ್ತಿ.

ಪಿಚರ್‌ಗಳ ವಿಷಯ ಇನ್ನೂ ಇಕ್ಕಟ್ಟು. ಪೆನ್ಸಿಲ್ವೇನಿಯಾದ ನಿಕ್ ಬಿಟ್ಸ್ಕೊ 2021ರ ಡ್ರಾಫ್ಟಿಗೆ ಬರಬೇಕಿದ್ದವನು. ಬೇಗ ಹೈಸ್ಕೂಲ್ ಮುಗಿಸಿ 2020ಕ್ಕೇ ಬರುತ್ತೇನೆ ಅಂತ ಜನವರಿಯಲ್ಲಿ ಹೇಳಿದ. ಆ ವರ್ಷ ಅವನು ಒಂದು ಪಂದ್ಯದಲ್ಲೂ ಎಸೆಯಲಿಲ್ಲ, ಇದ್ದದ್ದು ಅಭ್ಯಾಸದ ವಿಡಿಯೊ ಮಾತ್ರ. ಪೋರ್ಟ್‌ಲೆಂಡ್‌ನ ಮಿಕ್ ಏಬಲ್‌ಗೂ ಸೀಸನ್ನೇ ಶುರುವಾಗಲಿಲ್ಲ. ಟೆನ್ನೆಸ್ಸಿಯ ಗ್ಯಾರೆಟ್ ಕ್ರೋಶೆ ಭುಜದ ನೋವಿನಿಂದ ಕೂತಿದ್ದು, ಒಂದೇ ಒಂದು ಪಂದ್ಯ ಆಡುವಷ್ಟರಲ್ಲಿ ಎಲ್ಲಾ ನಿಂತಿತು. ಬ್ಯಾಟರ್ ಎದುರು ನಿಲ್ಲದ ಅಭ್ಯಾಸದ ಎಸೆತಕ್ಕೆ ನಾನು ಅಂಕ ಕೊಡಲಿಲ್ಲ. ವೇಗ ಕಾಣುತ್ತೆ, ತಿರುವು ಕಾಣುತ್ತೆ. ಆದರೆ ಮೂರು ಚೆಂಡು ಹಾಳಾದ ಮೇಲೆ ನಾಲ್ಕನೆಯದನ್ನು ಎಲ್ಲಿ ಹಾಕುತ್ತಾನೆ ಅಂತ ಕಾಣಲ್ಲ. ಇಂಥವರಿಗೆಲ್ಲ ಹಿಂದಿನ ವರ್ಷದ ಅಂಕವನ್ನೇ ಇಟ್ಟು, ಅನುಮಾನ ಇದ್ದಷ್ಟೂ ಕೆಳಗೆ ಇಳಿಸಿದೆ.

ಐದು ಸುತ್ತು ಅಂತ ಗೊತ್ತಾದ ದಿನ ಪಟ್ಟಿಯನ್ನು ಎರಡಾಗಿ ಒಡೆದೆ. ಒಂದು, ಯಾರು ಒಳ್ಳೆ ಆಟಗಾರ. ಇನ್ನೊಂದು, ಯಾರನ್ನು ನಿಜವಾಗಿ ಆರಿಸುತ್ತಾರೆ. ಇವೆರಡೂ ಬೇರೆಯಾಗುವುದು ದುಡ್ಡಿನಿಂದ. ಪ್ರತಿ ಆಯ್ಕೆಗೂ ಸಹಿ ಹಾಕುವ ಹುಡುಗನಿಗೆ ಇಷ್ಟು ಅಂತ ಒಂದು ಮೊತ್ತ ಗೊತ್ತಿರುತ್ತೆ, ಎಲ್ಲಾ ಸೇರಿ ತಂಡದ ಒಟ್ಟು ಹಣ. ಒಬ್ಬನಿಗೆ ಉಳಿಸಿ ಇನ್ನೊಬ್ಬನಿಗೆ ಜಾಸ್ತಿ ಕೊಡಬಹುದು. ಹೈಸ್ಕೂಲ್ ಹುಡುಗನಿಗೆ ಕಾಲೇಜಿನ ಬಾಗಿಲು ತೆರೆದೇ ಇರುತ್ತೆ, ಕೇಳಿದಷ್ಟು ಸಿಗದಿದ್ದರೆ ಅವನು ಕಾಲೇಜಿಗೆ ಹೋಗುತ್ತಾನೆ. ಕಾಲೇಜಿನ ಕೊನೆಯ ವರ್ಷದವರಿಗೆ ಅಂಥ ಬಲ ಇರುವುದು ಕಮ್ಮಿ. ಮೊದಲ ಪಟ್ಟಿಯ 50ರೊಳಗಿದ್ದ ಕೆಲವು ಹೈಸ್ಕೂಲ್ ಹುಡುಗರು ನನ್ನ ಎರಡನೇ ಪಟ್ಟಿಯಲ್ಲಿ ಇರಲೇ ಇಲ್ಲ.

ಜೂನ್ 10, ನಮ್ಮಲ್ಲಿ ಸಂಜೆ ನಾಲ್ಕು ಗಂಟೆ. ಹೊರಗೆ ಉರಿಬಿಸಿಲು. ಚಹಾ ಮಾಡಿಕೊಂಡು ಟಿವಿ ಮುಂದೆ ಕೂತೆ. ಮೊದಲ ಹೆಸರು ಟಾರ್ಕೆಲ್ಸನ್. ಎರಡನೆಯದಾಗಿ ಬಾಲ್ಟಿಮೋರ್ ನನ್ನ ಎರಡನೆಯವನಾದ ವ್ಯಾಂಡರ್‌ಬಿಲ್ಟ್‌ನ ಆಸ್ಟಿನ್ ಮಾರ್ಟಿನ್‌ನನ್ನು ಬಿಟ್ಟು ಕೆರ್‌ಸ್ಟಾಡ್‌ನನ್ನು ಕರೆಯಿತು. ನಾನು ಲೋಟ ಕೆಳಗಿಟ್ಟೆ. ಆಮೇಲೆ ಅರ್ಥವಾಯಿತು: ಆ ಜಾಗದ ಮೊತ್ತ ಸುಮಾರು 78 ಲಕ್ಷ ಡಾಲರ್, ಅವನು ಸಹಿ ಹಾಕಿದ್ದು 52 ಲಕ್ಷಕ್ಕೆ. ಉಳಿದ ಹಣ ಇತ್ತಲ್ಲ, ನಾಲ್ಕನೇ ಸುತ್ತಿನಲ್ಲಿ ಹೈಸ್ಕೂಲಿನ ಕೋಬಿ ಮೇಯೊಗೆ ಹದಿನೇಳೂವರೆ ಲಕ್ಷ ಕೊಟ್ಟು ಕಾಲೇಜಿಗೆ ಹೋಗದಂತೆ ಹಿಡಿದುಕೊಂಡರು. ಮಾರ್ಟಿನ್ ಐದನೆಯವನಾಗಿ ಟೊರಾಂಟೊಗೆ ಹೋದ. ಗೊನ್ಸಾಲೆಸ್ ಏಳನೆಯವನಾಗಿ ಪಿಟ್ಸ್‌ಬರ್ಗ್‌ಗೆ. ಕ್ರೋಶೆ ಹನ್ನೊಂದನೆಯವನು. ಅದೇ ಸೆಪ್ಟೆಂಬರ್‌ನಲ್ಲಿ, ಕೆಳಗಿನ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡದೆ, ನೇರವಾಗಿ ಚಿಕಾಗೊ ವೈಟ್ ಸಾಕ್ಸ್ ಪರ ದೊಡ್ಡ ಲೀಗಿನಲ್ಲಿ ನೂರು ಮೈಲಿ ವೇಗದಲ್ಲಿ ಎಸೆಯುತ್ತಿದ್ದ. ಅನುಮಾನದಿಂದ ನಾನು ಅವನನ್ನು ಇಳಿಸಿದ್ದು ಅತಿಯಾಗಿತ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು ಸ್ಪೆನ್ಸರ್ ಸ್ಟ್ರೈಡರ್. ಕ್ಲೆಮ್‌ಸನ್ ಕಾಲೇಜಿನ ಪಿಚರ್. ಮೊಣಕೈ ಶಸ್ತ್ರಚಿಕಿತ್ಸೆಯಿಂದ 2019 ಪೂರ್ತಿ ಹೋಗಿತ್ತು, 2020ರಲ್ಲಿ ಹನ್ನೆರಡು ಇನಿಂಗ್ಸ್ ಎಸೆದಿದ್ದ ಅಷ್ಟೇ. ಹಳೆಯದಕ್ಕೆ ಜಾಸ್ತಿ ತೂಕ ಅನ್ನುವ ನಿಯಮಕ್ಕೆ ಅವನಲ್ಲಿ ಹಿಂದಿನ ವರ್ಷದ ಆಟವೇ ಇರಲಿಲ್ಲ. 200ರ ಆಚೆ ಬರೆದೆ. ಅಟ್ಲಾಂಟಾ 126ನೆಯವನಾಗಿ ಆರಿಸಿಕೊಂಡಿತು. 2023ರಲ್ಲಿ ಅವನು 281 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ, ಆ ವರ್ಷ ದೊಡ್ಡ ಲೀಗಿನಲ್ಲಿ ಎಲ್ಲರಿಗಿಂತ ಜಾಸ್ತಿ. ಆಮೇಲೆ ಆ ಹನ್ನೆರಡು ಇನಿಂಗ್ಸಿನ ವಿಡಿಯೊ ಹುಡುಕಿ ನೋಡಿದೆ. ಫಾಸ್ಟ್‌ಬಾಲ್ ಬ್ಯಾಟಿನ ಮೇಲಿಂದ ಹೋಗುತ್ತಿತ್ತು, ಬ್ಯಾಟರ್‌ಗಳು ಕೆಳಗೆ ಬೀಸುತ್ತಿದ್ದರು. ಮೇ ತಿಂಗಳಲ್ಲಿ ಒಂದು ರಾತ್ರಿ ಅದಕ್ಕೆ ಕೊಟ್ಟಿದ್ದರೆ ನನಗೂ ಕಾಣುತ್ತಿತ್ತು. ಈಗ ನನ್ನ ಹಾಳೆಯಲ್ಲಿ ಇನ್ನೊಂದು ಕಾಲಂ ಇದೆ: ಗಾಯದಿಂದ ಮರಳಿದವರು. ಅವರನ್ನು ಹಳೆಯ ಅಂಕಿಗಳಿಂದ ಅಳೆಯಲ್ಲ, ಅವರ ಎಸೆತವನ್ನಷ್ಟೇ ನೋಡುತ್ತೇನೆ.

ಕೊನೆಗೆ 161ನೇ ಹೆಸರು. ಆ ಸಲ ನಾನು 240 ಹೆಸರು ಬರೆದಿದ್ದೆ. 160ರ ಕೆಳಗೆ ಗೆರೆ ಎಳೆಯುವಾಗ ಕೈ ತಡೆಯಿತು. ಐದನೇ ಸುತ್ತಿನ ಕೊನೆಯ ಹುಡುಗನಿಗೂ ಮೂರು ಲಕ್ಷ ಡಾಲರ್ ಮೀರಿದ ಮೊತ್ತ ನಿಗದಿಯಾಗಿತ್ತು. ಆರಿಸದೆ ಉಳಿದವನಿಗೆ ಯಾವ ತಂಡವೂ 20,000ಕ್ಕಿಂತ ಜಾಸ್ತಿ ಕೊಡುವಂತಿರಲಿಲ್ಲ. ಗೆರೆಯ ಕೆಳಗಿನ ಮೊದಲ ಹೆಸರು ನಾನು ಮೂರು ವರ್ಷದಿಂದ ನೋಡುತ್ತಿದ್ದ ಒಬ್ಬ ಎಡಗೈ ಪಿಚರ್‌ದು. ವೇಗ ಕಮ್ಮಿ, ಆದರೆ ಅವನ ಚೇಂಜಪ್ (ವೇಗದ ಎಸೆತದಂತೆ ಕಂಡು ನಿಧಾನವಾಗಿ ಬರುವ ಚೆಂಡು) ತುಂಬಾ ಚೆನ್ನ. ಹಿಂದಿನ ಲೆಕ್ಕದಲ್ಲಿ ಹತ್ತು ಹನ್ನೆರಡನೇ ಸುತ್ತಿಗೆ ಖಂಡಿತ ಹೋಗುತ್ತಿದ್ದ. ಅವನ ಅಪ್ಪ ಪ್ರತಿ ಶುಕ್ರವಾರ ನನ್ನ ಹಿಂದಿನ ಸಾಲಿನಲ್ಲೇ ಕೂರುತ್ತಿದ್ದರು. ನಾನು ಏನು ಬರೆದುಕೊಳ್ಳುತ್ತೇನೆ ಅಂತ ಒಂದು ದಿನವೂ ಕೇಳಿದವರಲ್ಲ.

ಅವನನ್ನು ಯಾರೂ ಕರೆಯಲಿಲ್ಲ. ಕಾಲೇಜು ಹುಡುಗರಿಗೆಲ್ಲ ಇನ್ನೊಂದು ವರ್ಷ ಆಡುವ ಅವಕಾಶ ಕೊಟ್ಟಿದ್ದರಿಂದ ವಾಪಸ್ ಹೋದ. ಮುಂದಿನ ಡ್ರಾಫ್ಟ್ ಇಪ್ಪತ್ತು ಸುತ್ತಿನದು. 2021ರ ಫೆಬ್ರವರಿಯಲ್ಲಿ ಅವನ ಮೊದಲ ಪಂದ್ಯವನ್ನು ಮನೆಯಲ್ಲೇ ಕೂತು ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಎರಡನೇ ಬ್ಯಾಟರ್‌ಗೆ ಚೇಂಜಪ್ ಹಾಕಿದ. ಚೆಂಡು ಬರುವ ಮೊದಲೇ ಆ ಬ್ಯಾಟರ್ ಬ್ಯಾಟ್ ಬೀಸಿ ಮುಗಿಸಿದ್ದ. ಹೊಸ ಹಾಳೆ ತೆಗೆದು ಆ ಪಿಚರ್ ಹುಡುಗನ ಹೆಸರು ಬರೆದೆ.