ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಪಾಠದ ಜಾಲಪುಟ ರೂಪಿಸುವುದು ಹೇಗೆ?

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುವ ಎಷ್ಟೋ ಮಕ್ಕಳ ಪಾಲಿಗೆ ಜಾಲತಾಣವೆಂದರೆ ಮನೆಯ ದೊಡ್ಡವರು ಸಂಜೆ ಕೆಲಸದಿಂದ ಮರಳಿದ ಮೇಲೆ ಅರ್ಧ ಗಂಟೆ ಕೈಗೆ ಸಿಗುವ ಫೋನು. ಪಾಠದ ಪುಟವನ್ನು ಆ ಚಿಕ್ಕ ಪರದೆಗೂ ಆ ಅರ್ಧ ಗಂಟೆಗೂ ಹೊಂದುವಂತೆ ಕಟ್ಟಬೇಕು. ಸಿದ್ಧ ಟೆಂಪ್ಲೇಟುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಲಿಪಿಯ ಅಳತೆಗೆ ಹೊಲಿದ ಅಂಗಿಗಳು. ಅವುಗಳಲ್ಲಿ ಕನ್ನಡವನ್ನು ತುರುಕುವ ಬದಲು, ವಿನ್ಯಾಸವನ್ನು ಅಕ್ಷರದಿಂದಲೇ ಆರಂಭಿಸುವುದು ಒಳ್ಳೆಯದು. ವಿಜ್ಞಾನ ವಿಷಯದ ಬೆಳಕಿನ ಪಾಠವನ್ನು ಉದಾಹರಣೆಯಾಗಿಟ್ಟುಕೊಂಡು ಅದರ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಪಠ್ಯವನ್ನು ಪರಿಶೀಲಿಸಿ. ಶಿಕ್ಷಕರ ಬಳಿ ಇರುವ ಟಿಪ್ಪಣಿಗಳಲ್ಲಿ ಬಹಳಷ್ಟು ನುಡಿ ಅಥವಾ ಬರಹ ತಂತ್ರಾಂಶದ, ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪ ತೊಡಿಸುವ ಹಳೆಯ ಆಸ್ಕಿ ವಿಧಾನದಲ್ಲಿ ಟೈಪಾದವು. ಅವನ್ನು ಹಾಗೆಯೇ ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿವರ್ತಕದ ಮೂಲಕ, ಎಲ್ಲ ಲಿಪಿಗಳಿಗೂ ಸಾಮಾನ್ಯ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ಗೆ ತಂದ ಮೇಲೆ ಕರಡು ತಿದ್ದುವುದನ್ನು ಮಾತ್ರ ಬಿಡಬೇಡಿ. ಹಳೆಯ ವಿಧಾನದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರೇಫವೇ ಮೊದಲು ಬರುತ್ತದೆ; ಈ ಅದಲುಬದಲಿನಲ್ಲಿ ತಪ್ಪು ನುಸುಳುವ ಸಾಧ್ಯತೆ ಹೆಚ್ಚಿರುವುದರಿಂದ ‘ದರ್ಪಣ’ದಂಥ ಪದಗಳನ್ನು ಒಂದೊಂದಾಗಿ ನೋಡಲೇಬೇಕು. ಪುಟದ ಭಾಷೆ ಕನ್ನಡವೆಂದು, ಪುಟ ಕಟ್ಟುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಘೋಷಿಸುವುದೂ ಇದೇ ಹಂತದ ಕೆಲಸ. ಆ ಘೋಷಣೆ ಇಲ್ಲದಿದ್ದರೆ, ದೃಷ್ಟಿದೋಷವಿರುವ ವಿದ್ಯಾರ್ಥಿಗೆ ಪರದೆಯ ಪಠ್ಯವನ್ನು ಓದಿಹೇಳುವ ಸ್ಕ್ರೀನ್ ರೀಡರ್ ಕನ್ನಡ ಪಠ್ಯವನ್ನು ಇಂಗ್ಲಿಷ್ ಧ್ವನಿಗೆ ಒಪ್ಪಿಸಿ ಮುಗ್ಗರಿಸಬಹುದು.

ಅಕ್ಷರಶೈಲಿಗೆ ನೋಟೋ ಸಾನ್ಸ್ ಕನ್ನಡ ಸಾಕು. ಅದು ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ. ಸಾಧಾರಣ ಮತ್ತು ದಪ್ಪ, ಈ ಎರಡು ತೂಕಗಳನ್ನಷ್ಟೇ ಬಳಸಿ. ಇಟಾಲಿಕ್ ಕನ್ನಡದ ರೂಢಿಯಲ್ಲ, ಬ್ರೌಸರು ಬಲವಂತವಾಗಿ ವಾಲಿಸಿದ ಅಕ್ಷರ ಓದಲು ಹಿತವಾಗಿಯೂ ಇರುವುದಿಲ್ಲ. ಫಾಂಟ್ ಕಡತದ ಗಾತ್ರ ತಗ್ಗಿಸಲು ಬೇಡದ ಅಕ್ಷರಗಳನ್ನು ಕತ್ತರಿಸುವಾಗ ಒತ್ತಕ್ಷರ ಜೋಡಿಸುವ ನಿಯಮಗಳ ಕೋಷ್ಟಕಗಳು ಉಳಿದಿವೆಯೇ ಎಂದು ನೋಡಿಕೊಳ್ಳಿ. ಅವು ಹೋದರೆ ‘ಪ್ರತಿಬಿಂಬ’ದ ರಾವತ್ತು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಫಾಂಟ್ ಇಳಿಯುವವರೆಗೆ ಫೋನಿನದೇ ಅಕ್ಷರಶೈಲಿಯಲ್ಲಿ ಪಾಠ ಕಾಣುವಂತೆ, ಪುಟದ ರೂಪವನ್ನು ನಿರ್ದೇಶಿಸುವ ಸಿಎಸ್‌ಎಸ್‌ನಲ್ಲಿ ಸೂಚನೆ ಕೊಡಿ.

ಕನ್ನಡದ ಸಾಲಿಗೆ ಕೆಳಗಡೆ ಜಾಗ ಬೇಕು. ‘ರಾಷ್ಟ್ರ’ ಎಂಬ ಪದವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ: ಷಕಾರದ ಅಡಿಯಲ್ಲಿ ಎರಡು ಒತ್ತುಗಳು ಸೇರಿಕೊಂಡಿರುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರದಲ್ಲಿ ಈ ಒತ್ತುಗಳು ಕೆಳಸಾಲಿನ ಗುಡಿಸನ್ನು ಮುಟ್ಟುತ್ತವೆ. ನಾನು 18 ಪಿಕ್ಸೆಲ್ ಅಕ್ಷರಕ್ಕೆ ಅದರ 1.7 ಪಟ್ಟು ಸಾಲೆತ್ತರ ಇಡುತ್ತೇನೆ. ಗುಂಡಿಗಳಿಗೆ ನಿಗದಿತ ಎತ್ತರ ಕೊಡದೆ ಒಳಗಿನ ಪದಕ್ಕೆ ತಕ್ಕಂತೆ ಬೆಳೆಯಲು ಬಿಡಿ, ಇಲ್ಲದಿದ್ದರೆ ಒತ್ತುಗಳು ಅರ್ಧಕ್ಕೆ ತುಂಡಾಗುತ್ತವೆ. ಕೊಂಡಿಯ ಅಡಿಗೆರೆಯನ್ನು ಒತ್ತಿಗೆ ತಾಗದಷ್ಟು ಕೆಳಗೆ ಸರಿಸಿ. ಎರಡೂ ಅಂಚುಗಳನ್ನು ಸಮ ಮಾಡುವ ಜಸ್ಟಿಫೈ ಆಯ್ಕೆ ಫೋನಿನಲ್ಲಿ ಬೇಡ. ಸಮಾಸಪದಗಳು ಉದ್ದವಾಗಿರುವುದರಿಂದ ಪದಗಳ ನಡುವೆ ಹಳ್ಳ ಬಿದ್ದಂತೆ ಕಾಣುತ್ತದೆ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರ ಅನುಪಾತದಲ್ಲಿರಬೇಕೆಂಬುದು ಜಾಲದ ಸುಗಮ ಬಳಕೆಯ ಅಂತರರಾಷ್ಟ್ರೀಯ ಮಾನದಂಡ. ತೆಳು ಬೂದು ಅಕ್ಷರಗಳ ಮೋಹ ನಮ್ಮ ವಿನ್ಯಾಸಕಾರರಿಗೆ ಏಕಿದೆಯೋ ತಿಳಿಯದು.

ನಿಮ್ನ ದರ್ಪಣದ ಕಿರಣಚಿತ್ರವನ್ನು, ಗೆರೆಗಳನ್ನು ಅಳತೆಗಳಾಗಿ ದಾಖಲಿಸುವ ಎಸ್‌ವಿಜಿ ರೂಪದಲ್ಲಿ ರಚಿಸಿದರೆ ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯುವುದಿಲ್ಲ, ಕಡತವೂ ಚಿಕ್ಕದು. ಆದರೆ ಅದನ್ನು ಸಾಮಾನ್ಯ ಚಿತ್ರದಂತೆ ಹೊರಗಿನಿಂದ ಜೋಡಿಸಿದಾಗ ಪುಟದ ಫಾಂಟ್ ಅದಕ್ಕೆ ಸಿಗುವುದಿಲ್ಲ. ಭಾಗಗಳ ಹೆಸರುಗಳು ಕನ್ನಡದಲ್ಲಿರುವ ಚಿತ್ರವನ್ನು ಪುಟದ ಸಂಕೇತದ ಒಳಗೇ ಬರೆಯುವುದು ಕ್ಷೇಮ. ದರ್ಪಣ ಸೂತ್ರವನ್ನು ಫೋಟೊ ಮಾಡಿ ಹಾಕಬೇಡಿ. ಗಣಿತ ಬರೆಯಲೆಂದೇ ಇರುವ ಮ್ಯಾಥ್‌ಎಂಎಲ್ ಅನ್ನು 2023ರಿಂದ ಕ್ರೋಮ್ ಕೂಡ ನೇರವಾಗಿ ತೋರಿಸುತ್ತಿದೆ. ವಿವರಣೆಗೆ ವಿಡಿಯೊ ಬೇಕೇ ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸಿ: ಸೆಕೆಂಡಿಗೆ 32 ಕಿಲೋಬಿಟ್‌ನಂತೆ ಧ್ವನಿಮುದ್ರಿಸಿದ ಮೂರು ನಿಮಿಷದ ಮಾತು 720 ಕಿಲೋಬೈಟ್ ಆಗುತ್ತದೆ, ಅಷ್ಟೇ ಹೊತ್ತಿನ ವಿಡಿಯೊ ಸೆಕೆಂಡಿಗೆ 500 ಕಿಲೋಬಿಟ್‌ನದಾದರೆ 11 ಮೆಗಾಬೈಟ್ ದಾಟುತ್ತದೆ. ಸ್ಥಿರಚಿತ್ರದ ಜೊತೆಗೆ ಧ್ವನಿ ಇದ್ದರೆ ಕಿರಣಚಿತ್ರ ಅರ್ಥವಾಗುತ್ತದೆ. ಪ್ರಯೋಗವನ್ನೇ ತೋರಿಸಬೇಕಾದಾಗ ಮಾತ್ರ ವಿಡಿಯೊ ಇರಲಿ.

ಅತ್ಯಂತ ಹೆಚ್ಚು ಎಚ್ಚರ ಬೇಕಾದದ್ದು ಸ್ವಪರೀಕ್ಷೆಯ ಪುಟದಲ್ಲಿ. ನಾನು ಮೊದಲು ಸಿದ್ಧಪಡಿಸಿದ ಬಿಟ್ಟ ಸ್ಥಳ ತುಂಬುವ ಅಭ್ಯಾಸದಲ್ಲಿ ‘ನಿಮ್ನ ದರ್ಪಣ’ ಎಂಬುದನ್ನಷ್ಟೇ ಸರಿಯುತ್ತರವಾಗಿ ದಾಖಲಿಸಿದ್ದೆ. ಹುಡುಗಿಯೊಬ್ಬಳು ಎರಡೂ ಪದಗಳನ್ನು ಕೂಡಿಸಿ ‘ನಿಮ್ನದರ್ಪಣ’ ಎಂದು ಬರೆದಳು. ಪುಟ ‘ತಪ್ಪು’ ಎಂದಿತು. ಅವಳು ಉತ್ತರವನ್ನು ‘ಪೀನ ದರ್ಪಣ’ ಎಂದು ತಿದ್ದಿದಳು. ಸರಿಯಾಗಿ ಕಲಿತದ್ದನ್ನು ನನ್ನ ಪುಟವೇ ಕೆಡಿಸಿತ್ತು. ಅಂದಿನಿಂದ ಉತ್ತರವನ್ನು ಹೋಲಿಸುವ ಮೊದಲು ಮಗುವಿನ ಉತ್ತರ, ಸರಿಯುತ್ತರ ಎರಡರಿಂದಲೂ ಖಾಲಿ ಜಾಗಗಳನ್ನು ತೆಗೆಯುತ್ತೇನೆ, ಒಂದೇ ಅಕ್ಷರ ಬೇರೆ ಬೇರೆ ಸಂಕೇತಗಳಲ್ಲಿ ಉಳಿಯದಂತೆ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರುತ್ತೇನೆ, ಕನ್ನಡ ಅಂಕಿಗಳನ್ನು 1, 2, 3ಕ್ಕೆ ಬದಲಿಸುತ್ತೇನೆ. ಒತ್ತಕ್ಷರದ ರೂಪ ಬದಲಿಸುವ, ಕಣ್ಣಿಗೆ ಕಾಣದ ಜೋಡಕ (ZWJ) ಮತ್ತು ಬೇರ್ಪಡಕ (ZWNJ) ಚಿಹ್ನೆಗಳನ್ನೂ ಅಳಿಸಬೇಕು. ‘ರ‍್ಯಾಂಕ್’ ಎಂದು ಬರೆಯಲು ಒಂದು ಕೀಲಿಮಣೆ ರಕಾರದ ಬಳಿ ಜೋಡಕವನ್ನು ಸೇರಿಸಿದರೆ ಇನ್ನೊಂದು ಸೇರಿಸದೆ ಅರ್ಕಾವತ್ತಿನ ರೂಪ ಕೊಡುತ್ತದೆ. ಹುಡುಕುವ ಪೆಟ್ಟಿಗೆಗೆ ಅವೆರಡೂ ಬೇರೆ ಬೇರೆ ಪದಗಳಾಗಿಬಿಡುತ್ತವೆ. ಸರಿ, ತಪ್ಪುಗಳನ್ನು ಹಸಿರು, ಕೆಂಪು ಬಣ್ಣಗಳಿಂದಲೇ ಸೂಚಿಸದೆ ಅಕ್ಷರದಲ್ಲೂ ಬರೆದು, ತಪ್ಪಾದಾಗ ಪಾಠದ ಯಾವ ಭಾಗವನ್ನು ಮತ್ತೆ ಓದಬೇಕೆಂಬ ಕೊಂಡಿಯನ್ನು ಅಲ್ಲೇ ಕೊಡಿ. ನೆಟ್‌ವರ್ಕ್ ನಡುವೆ ಹೋದರೂ ತುಂಬಿದ ಉತ್ತರಗಳು ಫೋನಿನಲ್ಲೇ ಉಳಿಯಬೇಕು.

ನೋಂದಣಿಯಲ್ಲಿ ಹೆಸರಿಗೆ ಒಂದೇ ಪೆಟ್ಟಿಗೆ ಇರಲಿ. ಇನಿಷಿಯಲ್ ಮಾತ್ರ ಇರುವ ಮಗುವಿಗೆ ಕೊನೆಯ ಹೆಸರು ಕಡ್ಡಾಯವೆಂದರೆ ಅದು ಏನನ್ನು ತುಂಬೀತು? ಪುಟದ ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಇಡಿ. ‘ಬೆಳಕು’ ಎಂಬಷ್ಟೇ ಪದವಿದ್ದರೂ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ನಕಲಿಸಿದಾಗ ಶೇಕಡಾ ಚಿಹ್ನೆಗಳಿಂದ ತುಂಬಿದ 45 ಅಕ್ಷರಗಳ ಸಾಲಾಗಿ ಬಿಚ್ಚಿಕೊಳ್ಳಬಹುದು. ಶಿಕ್ಷಕರು ಪಾಠ ಹಂಚುವುದು ಹೆಚ್ಚಾಗಿ ಅಂಥ ಗುಂಪುಗಳಲ್ಲೇ ಆದ್ದರಿಂದ ಪ್ರತಿ ಉಪಶೀರ್ಷಿಕೆಗೂ ನೇರ ಕೊಂಡಿ ಇರುವುದು ಉಪಯುಕ್ತ.

ಪುಟ ಸಿದ್ಧವಾದ ಮೇಲೆ ಅದನ್ನು ಹಳೆಯ, ಅಗ್ಗದ ಫೋನೊಂದರಲ್ಲಿ ತೆರೆದು ವಿದ್ಯಾರ್ಥಿಯ ಕೈಗೆ ಕೊಡಿ. ದರ್ಪಣ ಸೂತ್ರವನ್ನು ಹುಡುಕಿ ಒಂದು ಲೆಕ್ಕ ಬಿಡಿಸಲು ಹೇಳಿ, ಪಕ್ಕದಲ್ಲಿ ಕುಳಿತು ಬಾಯಿ ಮುಚ್ಚಿಕೊಂಡು ನೋಡಿ. ಬೆರಳು ಎಲ್ಲೆಲ್ಲಿ ತಡೆದು ನಿಲ್ಲುತ್ತದೆಯೋ ಅದನ್ನಷ್ಟೇ ಗುರುತು ಹಾಕಿಕೊಂಡು, ಮರುದಿನ ಆ ಜಾಗಗಳನ್ನು ಸರಿಪಡಿಸಿ ಇನ್ನೊಂದು ಮಗುವಿಗೆ ಕೊಡಿ.